ನಲವತ್ತೊಂದು ಅಡಿ ಕಲ್ಲು, ಮೂರು ಮೆಟ್ಟಿಲು

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದರೆ ಚಂದ್ರಬಂಡ, ರಾಯಚೂರು ತಾಲೂಕು. ತೆಲಂಗಾಣದ ಗಡಿ ಹತ್ತಿರ ಇರೋದರಿಂದ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಮನೆಯಲ್ಲಿ ನಮ್ಮ ಕಾಕಾ ಇದ್ದಾರೆ. ಸಣ್ಣವರಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಹೋದವು. ಕೈಯಿಂದ ತಿರುಗಿಸೋ ಮೂರು ಗಾಲಿ ಸೈಕಲ್ಲೇ ಅವರ ಕಾಲು. ಓದೋ ಚಟ ಮಾತ್ರ ವಿಪರೀತ. ಕೈಗೆ ಸಿಕ್ಕ ಹಳೇ ಪೇಪರಿನ ಚೂರನ್ನೂ ಬಿಡೋರಲ್ಲ.

"ತಮ್ಮಾ, ರಾಯಚೂರಿಗೆ ನೂರು ಸಲ ಹೋಗೀನಿ. ದವಾಖಾನಿ, ಕಚೇರಿ, ಬ್ಯಾಂಕು. ಆ ಗಾಡಿ ಚಿತ್ರ ಇರೋ ಕಲ್ಲು ಮಾತ್ರ ನೋಡಿಲ್ಲ ನೋಡು" ಅಂದರು. ಸರಿ, ಒಂದು ಲಗೇಜ್ ಆಟೋದಲ್ಲಿ ಸೈಕಲ್ ಏರಿಸಿಕೊಂಡು ಹೊರಟೆವು.

ಆ ಕಲ್ಲಿನ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ರಾಯಚೂರಿನ ಒಳಕೋಟೆ ಕಟ್ಟಿದ್ದು ಕಾಕತೀಯರ ಕಾಲದಲ್ಲಿ, 1294ರಲ್ಲಿ. ಅದನ್ನು ಹೇಳೋ ಶಾಸನ ಇರೋದು ಒಳಕೋಟೆಯ ಪಶ್ಚಿಮದ ಗೋಡೆಯ ಒಂದು ಕಲ್ಲಿನ ಮೇಲೆ. ಕಲ್ಲಿನ ಉದ್ದ ಸುಮಾರು 41 ಅಡಿ! ಒಂದೇ ಕಲ್ಲು. ಇಷ್ಟು ದೊಡ್ಡದನ್ನು ಹೇಗೆ ತಂದರಪ್ಪಾ ಅಂತ ನಾವು ಕೇಳುತ್ತೀವಿ ಅನ್ನೋದು ಆಗಿನವರಿಗೆ ಗೊತ್ತಿತ್ತೋ ಏನೋ, ಉತ್ತರವನ್ನೂ ಅಲ್ಲೇ ಗೋಡೆಯ ಮೇಲೆ ಗೆರೆಯಲ್ಲಿ ಬಿಡಿಸಿಟ್ಟಿದ್ದಾರೆ. ಗಾಲಿಗಳ ಮೇಲೆ ಉದ್ದನೆಯ ಕಲ್ಲು, ಮುಂದೆ ಸಾಲಾಗಿ ಕೋಣಗಳು, ನಡುನಡುವೆ ಅವನ್ನು ಹುರಿದುಂಬಿಸುವ ಜನ, ಹಿಂದೆ ಗಾಲಿಗೆ ಹಾರೆ ಕೊಟ್ಟು ದೂಡುವ ಜನ.

ಕಾಕಾ ಸೈಕಲ್ ಮೇಲಿಂದಲೇ ತಲೆ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು, "ನಾ ಈ ಕಲ್ಲಿಗಿಂತ ಹಗುರ ಅದೀನಲ್ಲೋ" ಅಂದರು. ನನಗೆ ಆಗ ಅರ್ಥ ಆಗಲಿಲ್ಲ.

ನಾನು ಗಮನಿಸಿದ್ದು ಬೇರೆ. ಕೋಟೆ ಬಾಗಿಲುಗಳ ಹಾದಿಯಲ್ಲಿ ಕಾಕಾನ ಸೈಕಲ್ಲಿಗೆ ಅಷ್ಟೇನೂ ತೊಂದರೆ ಆಗಲಿಲ್ಲ. ಯೋಚಿಸಿದರೆ ಸಹಜವೇ. ಕೋಟೆ ಬಾಗಿಲಲ್ಲಿ ಹೋಗುತ್ತಿದ್ದದ್ದು ಆನೆ, ಕುದುರೆ, ಕಾಳಿನ ಬಂಡಿ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆ ಹಿಡಿದ ಹೊತ್ತಿಗಾಗಲೇ ತೋಪುಗಳೂ ಬಂದಿದ್ದವು. ಆನೆಗೆ, ತೋಪಿನ ಗಾಲಿಗೆ ಮೆಟ್ಟಿಲು ಕಟ್ಟಿದರೆ ಆಗುತ್ತದೆಯೇ? ಅದಕ್ಕೇ ಬಾಗಿಲ ಹಾದಿ ಇಳಿಜಾರು. ಮೆಟ್ಟಿಲು ಇರೋದು ಕಾಲಾಳು ಮಾತ್ರ ಏರುತ್ತಿದ್ದ ಕಡೆ, ಗೋಡೆಯ ಮೇಲಕ್ಕೆ, ಗುಡ್ಡದ ನೆತ್ತಿಯ ಬಾಲಾ ಹಿಸಾರಿಗೆ. ಗುಡ್ಡ ಏರಬೇಕು ಅಂತ ಕಾಕಾ ಕೇಳಲೂ ಇಲ್ಲ. ಶತ್ರುವನ್ನು ಹೊರಗಿಡಲಿಕ್ಕೇ ಕಟ್ಟಿದ ಕೋಟೆ ಇಷ್ಟು ಒಳಗೆ ಬಿಟ್ಟುಕೊಂಡಿತಲ್ಲ ಅಂತ ನನಗೆ ಖುಷಿ.

ಆಮೇಲೆ ಚಹಾ ಕುಡಿಯೋಣ ಅಂತ ಒಂದು ಹೋಟೆಲಿಗೆ ಹೋದೆವು. ಎಲ್ಲರನ್ನೂ ಕರೆಯಲಿಕ್ಕೇ ಬಾಗಿಲು ತೆಗೆದಿಟ್ಟ ಜಾಗ. ಮುಂದೆ ಮೂರು ಮೆಟ್ಟಿಲು!

ಹೋಟೆಲಿನವರು ಕೆಟ್ಟವರೇನಲ್ಲ. ಕಾಕಾನನ್ನು ನೋಡಿದ ಕೂಡಲೇ ಹುಡುಗನ ಕೈಲಿ ಹೊರಗೇ ಚಹಾ ಕಳಿಸಿದರು. ಒಳಗೆ ಕೂತವರಿಗೆ ಗಾಜಿನ ಲೋಟ, ಇವರಿಗೆ ಪೇಪರ್ ಕಪ್ಪು. ರಸ್ತೆ ಬದಿ, ಬಿಸಿಲಲ್ಲಿ. ನಾನೂ ಹೊರಗೇ ನಿಂತೆ. ಕಾಕಾ ಒಂದು ಗುಟುಕು ಕುಡಿದು ಮೆಲ್ಲಗೆ ಅಂದರು, "ನಮ್ಮಪ್ಪನ ಕಾಲದಾಗ ಕೆಲವು ಮಂದಿಗೆ ಹಿಂಗೇ ಹೊರಗ ಚಾ ಕೊಡತಿದ್ರು ತಮ್ಮಾ. ಲೋಟಾನೂ ಬೇರೆ."

ಆ ಮಾತು ತಲೆಯಿಂದ ಹೋಗಲಿಲ್ಲ. ಮನೆಗೆ ಬಂದವನೇ ಪುಸ್ತಕ ತೆಗೆದು ಕೂತೆ.

ಚಹಾ ನಮ್ಮ ಕಡೆಯ ಹಳೇ ಪದಾರ್ಥವೇನಲ್ಲ. ಮುಂಬಯಿ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲೇ ಕೂಡಿದ್ದು 1871ರಲ್ಲಿ. ಚಹಾದ ಪ್ರಚಾರಕ್ಕೆ ದುಡ್ಡು ಕೂಡಿಸಲು ರಫ್ತಾಗುವ ಚಹಾದ ಮೇಲೆ ಸೆಸ್ ಹಾಕುವ ಕಾಯ್ದೆ ಬಂದಿದ್ದು 1903ರಲ್ಲಿ. ಆ ದುಡ್ಡಿನಲ್ಲಿ ಮುಂದೆ ರೈಲು ನಿಲ್ದಾಣಗಳಲ್ಲೆಲ್ಲ ಚಹಾ ಕುಡಿಸಿ ಜನಕ್ಕೆ ರುಚಿ ಹತ್ತಿಸಿದರು. ಚಹಾದಂಗಡಿ ಬಂತು ಅಂದರೆ ಅಪರಿಚಿತರು ಒಂದೇ ಬೆಂಚಿನ ಮೇಲೆ ಕೂರೋ ಜಾಗ ಬಂತು ಅಂತ ಅರ್ಥ. ಆದರೆ ಆ ಬೆಂಚಿನ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ. ಎರಡು ಲೋಟದ ಪದ್ಧತಿ ಎಷ್ಟೋ ಊರುಗಳ ನೆನಪಿನಲ್ಲಿ ಇನ್ನೂ ಇದೆ.

ಅದಕ್ಕೇ ಸಂವಿಧಾನ ಬರೆದವರು ಹೋಟೆಲನ್ನು ಮರೆಯಲಿಲ್ಲ. 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲುಗಳಿಗೆ ಹೋಗಲು ಯಾವ ನಾಗರಿಕನಿಗೂ ಅಡ್ಡಿ ಮಾಡುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಹೋಟೆಲಿನ ಪಾತ್ರೆ ಬಳಸಲು ಬಿಡದಿರುವುದನ್ನೂ ಅಪರಾಧ ಅಂತ ಬರೆಯಿತು.

ಇಲ್ಲೊಂದು ವಿಚಿತ್ರ ನೋಡಿ. 15ನೇ ವಿಧಿಯ ಆ ಭಾಗದ ಇಂಗ್ಲಿಷ್ ಪಾಠದಲ್ಲಿ 'ಡಿಸಎಬಿಲಿಟಿ' ಅನ್ನೋ ಪದವೇ ಇದೆ. ಆದರೆ ಅದರ ಅರ್ಥ ಬೇರೆ. ಸಮಾಜ ಒಬ್ಬನ ಮೇಲೆ ಹೇರುವ ಅಡ್ಡಿಗೆ ಅಲ್ಲಿ ಆ ಹೆಸರು. ಕಾಕಾನಂಥವರ ಕಾಲಿನ ಮಾತು ಆ ಪಟ್ಟಿಯಲ್ಲಿ ಇಲ್ಲ. ಆದರೂ ಆ ಹಳೇ ಅರ್ಥವೇ ಹೆಚ್ಚು ಸರಿ ಅಂತ ನನಗೆ ಈಗ ಅನ್ನಿಸುತ್ತಿದೆ. ಅವತ್ತು ಕಾಕಾನನ್ನು ಹೊರಗಿಟ್ಟದ್ದು ಅವರ ಕಾಲಲ್ಲ, ಮೆಟ್ಟಿಲು. ಕೋಟೆ ಬಾಗಿಲಲ್ಲಿ ಅದೇ ಕಾಲು, ಅದೇ ಸೈಕಲ್ಲು ಇದ್ದವಲ್ಲ?

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳೀಬೇಡಿ. ಎರಡನೇ ಲೋಟದ ಹಿಂದೆ ಅವಮಾನ ಮಾಡೋ ಮನಸ್ಸಿತ್ತು. ಮೂರು ಮೆಟ್ಟಿಲಿನ ಹಿಂದೆ ಇರೋದು ಬರೀ ಅಲಕ್ಷ್ಯ. ಆದರೆ ಹೊರಗೆ ಕೂತು ಕುಡಿಯುವವನಿಗೆ ಚಹಾ ಅಷ್ಟೇ ಬೇಗ ಆರುತ್ತದೆ.

ಕಾನೂನು ಬರಲಿಕ್ಕೆ ಬಹಳ ತಡವಾಯಿತು. ಅಂಗವಿಕಲರ ಮೊದಲ ದೊಡ್ಡ ಕಾಯ್ದೆ 1995ರದು. ಇಂಗ್ಲೆಂಡಿನಲ್ಲೂ ಅದೇ ವರ್ಷ ಇಂಥದೇ ಕಾಯ್ದೆ ಬಂತು. ಅಲ್ಲಿ ಹಳೇ ಜಮೀನ್ದಾರರ ಬಂಗಲೆಗಳನ್ನು ನೋಡಲು ಬರೋ ಜನಕ್ಕೆ ಒಳಗೇ ಟೀ ರೂಮ್ ಇಡುವ ರೂಢಿ. ಕಟ್ಟಡದ ಅಡೆತಡೆಗಳ ಬಗ್ಗೆ ಸೂಕ್ತ ಬದಲಾವಣೆ ಮಾಡಬೇಕು ಅನ್ನೋ ಹೊಣೆ 2004ರ ಅಕ್ಟೋಬರಿನಿಂದ ಅಂಥ ಜಾಗಗಳಿಗೂ ಬಂತು. ನಮ್ಮಲ್ಲಿ? 2001ರಲ್ಲಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ಅವರ ಗಾಲಿಕುರ್ಚಿಗಾಗಿ ಮರದ ಇಳಿಜಾರು ಹಾಕಿದರು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಅವತ್ತೇ ಗೊತ್ತಾಯಿತು. ಅದಕ್ಕೆ ಹಾಕಿಂಗೇ ಬರಬೇಕಾಯಿತು ಅನ್ನೋದೂ ಗೊತ್ತಾಯಿತು.

ಈಗಿರೋದು 2016ರ ಕಾಯ್ದೆ. ಅದರಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ. ಅಂದರೆ ನಮ್ಮ ಚಹಾದ ಹೋಟೆಲೂ ಸೇರಿತು! ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಹಳೇ ಕಟ್ಟಡಗಳಿಗೆ ಐದು ವರ್ಷ ಗಡುವು. ಅದು 2022ಕ್ಕೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ವಿಷಯದಲ್ಲಿ ಬರೀ ಸಲಹೆಯಂತಿರುವ ನಿಯಮ ಸಾಲದು, ಕಡ್ಡಾಯ ಮಾಡುವಂಥವು ಬೇಕು ಅಂತ ಕೇಂದ್ರಕ್ಕೆ ಹೇಳಬೇಕಾಯಿತು.

ಹೋಟೆಲಿನವರ ಕಷ್ಟವನ್ನೂ ಹೇಳಬೇಕು. ಮುಂದೆ ಚರಂಡಿ. ಮಳೆ ನೀರು ಒಳಗೆ ನುಗ್ಗಬಾರದು ಅಂತ ಕಟ್ಟೆ ಎತ್ತರ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ ಆದರೂ ಹದಿನೆಂಟು ಅಡಿ ಬೇಕು. ರಸ್ತೆಗೆ ತಾಗಿದ ಅಂಗಡಿಗೆ ಎಲ್ಲಿಂದ ಬರಬೇಕು? ಗೋಡೆಗುಂಟ ಅಡ್ಡಕ್ಕೆ ತಿರುಗಿಸಬಹುದು. ಅದಕ್ಕೂ ಜಾಗ ಇಲ್ಲದಿದ್ದರೆ ರಸ್ತೆಯ ಮಟ್ಟದಲ್ಲೇ ನೆರಳು ಮಾಡಿ ನಾಲ್ಕು ಬೆಂಚು, ಒಂದು ಮೇಜು ಹಾಕಬಹುದು. ಎಲ್ಲ ಗಿರಾಕಿಗಳೂ ಅಲ್ಲಿ ಕೂರುವಂತಿರಬೇಕು, ಲೋಟ ಒಂದೇ ಆಗಿರಬೇಕು. ಅದು ಇಳಿಜಾರಿಗೆ ಸಮ ಅಲ್ಲ, ಆದರೆ ಒಬ್ಬನೇ ಹೊರಗೆ ಕೂರೋದು ತಪ್ಪುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಕಾಕಾನ ನಗು ನೆನಪಾಗಿ ಕೇಳಿದೆ. "ಕಲ್ಲಿಗಿಂತ ಹಗುರ ಅಂದಿರಲ್ಲ, ಏನದು?"

"ಅಲ್ಲೋ, ಅದನ್ನ ಒಳಗ ತರಬೇಕು ಅಂತ ಯಾರೋ ಮನಸು ಮಾಡಿದ್ರು. ಕೋಣ ಕಟ್ಟಿದ್ರು, ಹಾರೆ ಹಾಕಿದ್ರು. ಏಳುನೂರು ವರ್ಷ ಆತು. ನನ್ನ ತೂಕ ನಲವತ್ತೆಂಟು ಕೇಜಿ."

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮೂರಿನಲ್ಲಿ ನೀವು ದಿನಾ ಚಹಾ ಕುಡಿಯೋ ಹೋಟೆಲಿಗೆ ಎಷ್ಟು ಮೆಟ್ಟಿಲಿದೆ? ನಾಳೆ ಹೋದಾಗ ಎಣಿಸಿ ಬನ್ನಿ. ನಾನು ಇಷ್ಟು ವರ್ಷ ಎಣಿಸಿರಲೇ ಇಲ್ಲ.