ಪ್ರಳಯದಲ್ಲಿ ಉಳಿದವರ ಲೆಕ್ಕ

ಶತಪಥಬ್ರಾಹ್ಮಣದಲ್ಲಿ ಬರುವ ಜಲಪ್ರಳಯದ ಕಥೆಯನ್ನು ವಾಚಕರಲ್ಲಿ ಬಹುಮಂದಿ ಬಲ್ಲರು. ಮೀನು ಮುಂದಾಗಿ ಎಚ್ಚರಿಕೆ ಹೇಳುತ್ತದೆ. ಮನು ಹಡಗು ಕಟ್ಟುತ್ತಾನೆ. ನೀರು ಇಳಿದಾಗ ಭೂಮಿಯ ಮೇಲೆ ಅವನೊಬ್ಬನೇ ಉಳಿದಿರುತ್ತಾನೆ. ಆಮೇಲೆ ಸಂತಾನಾಪೇಕ್ಷೆಯಿಂದ ಅವನು ನೀರಿಗೆ ಅರ್ಪಿಸಿದ ತುಪ್ಪ ಮೊಸರುಗಳಿಂದ ಇಡೆಯೆಂಬ ಸ್ತ್ರೀ ಹುಟ್ಟಿಬರುತ್ತಾಳೆ. ಮಹಾಭಾರತದ ವನಪರ್ವಕ್ಕೆ ಬರುವ ವೇಳೆಗೆ ಹಡಗಿನಲ್ಲಿ ಸಪ್ತರ್ಷಿಗಳಿಗೆ ಸ್ಥಳವಾಯಿತು, ಸಕಲ ಬೀಜಗಳಿಗೂ ಸ್ಥಳವಾಯಿತು. ಹೆಂಗಸಿನ ಹೆಸರು ಅಲ್ಲಿ ಬರಲಿಲ್ಲ. ಲೋಕ ಮುಳುಗಿದಮೇಲೆ ಯಾರು ಉಳಿಯಬೇಕೆಂಬುದನ್ನು ನೀರು ನಿರ್ಣಯಿಸುವುದೆಂದು ಕೇಳುವವರು ತಿಳಿಯುತ್ತಾರೆ. ನಿರ್ಣಯಿಸುವವನು ಕಥೆ ಹೇಳುವವನು.

ಕಳೆದ ಸುಮಾರು ನೂರು ವರ್ಷಗಳಿಂದ ಈ ಕಥೆ ಹೇಳುವ ಕೆಲಸವನ್ನು ಪಾಶ್ಚಾತ್ಯರ ಚಲಚ್ಚಿತ್ರಗಳು ವಹಿಸಿಕೊಂಡಿವೆ. ಅವುಗಳಲ್ಲಿ ಸಾಯುವವರಾರು, ಉಳಿಯುವವರಾರು, ಉಳಿದವರಲ್ಲಿ ಆಳುವವರಾರು ಎಂಬುದನ್ನು ಎಣಿಸುತ್ತ ಬಂದರೆ ಆಯಾ ಕಾಲದ ಜನರ ಮನಸ್ಸಿನ ಒಂದು ಇತಿಹಾಸವೇ ಕೈಗೆ ಸಿಕ್ಕುತ್ತದೆ.

1933ರಲ್ಲಿ ಅಮೇರಿಕದಲ್ಲಿ 'ಡೆಲ್ಯೂಜ್' ಎಂಬ ವಾಕ್ಚಿತ್ರ ತೆರೆಗೆ ಬಂದಿತು. ಭೂಕಂಪದಿಂದಲೂ ಸಮುದ್ರದ ಮಹಾತರಂಗಗಳಿಂದಲೂ ನ್ಯೂಯಾರ್ಕ್ ನಗರ ನೆಲಸಮವಾಗುವುದನ್ನು ಬೊಂಬೆಯ ಮನೆಗಳ ಸಹಾಯದಿಂದ ಅದರಲ್ಲಿ ತೋರಿಸಿದ್ದರು. ಆಂಗ್ಲ ಲೇಖಕ ಸಿಡ್ನಿ ಫೌಲರ್ ರೈಟನ ಕಾದಂಬರಿ ಇದಕ್ಕೆ ಮೂಲ. ಹೆಂಡತಿ ಮಕ್ಕಳು ಮುಳುಗಿಹೋದರೆಂದು ನಂಬಿದ ಮಾರ್ಟಿನ್ ಎಂಬವನು ಕ್ಲೇರ್ ಎಂಬ ಈಜುಗಾರ್ತಿಯೊಡನೆ ಸಂಸಾರ ಹೂಡುತ್ತಾನೆ. ಅಷ್ಟರಲ್ಲಿ ಹೆಂಡತಿ ಬದುಕಿರುವ ಸಂಗತಿ ತಿಳಿಯುತ್ತದೆ. ಕಾದಂಬರಿಯಲ್ಲಿ ಇಬ್ಬರು ಹೆಂಗಸರೂ ಅವನೊಡನೆ ಉಳಿಯುತ್ತಾರೆ. ಚಿತ್ರದಲ್ಲಾದರೋ ಕ್ಲೇರ್ ಸಮುದ್ರಕ್ಕಿಳಿದು ಈಜುತ್ತ ದೂರವಾಗುತ್ತಾಳೆ. ನ್ಯೂಯಾರ್ಕ್ ಮುಳುಗಿತು, ವಿವಾಹದ ಶಾಸನ ಮುಳುಗಲಿಲ್ಲ. ಅದರ ದಂಡವನ್ನು ತೆತ್ತವಳು ಹೆಂಗಸು. ಈ ಚಿತ್ರವೇ ದಶಕಗಳ ಕಾಲ ಕಾಣೆಯಾಗಿದ್ದು, 1981ರಲ್ಲಿ ಇಟಾಲಿಯನ್ ಮಾತುಗಳನ್ನು ಕೂಡಿಸಿದ ಪ್ರತಿಯೊಂದು ದೊರೆಯಿತು ಎಂಬುದು ವಿನೋದದ ಸಂಗತಿ.

1945ರಲ್ಲಿ ಹಿರೋಷಿಮಾ ನಾಗಾಸಾಕಿಗಳ ಮೇಲೆ ಬಾಂಬು ಬಿದ್ದಮೇಲೆ ಪ್ರಳಯಕ್ಕೆ ಸಮುದ್ರವೂ ಬೇಕಿಲ್ಲ, ದೇವರ ಕೋಪವೂ ಬೇಕಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. 1951ರಲ್ಲಿ ಆರ್ಚ್ ಓಬೋಲರ್ ಎಂಬಾತ 'ಫೈವ್', ಎಂದರೆ 'ಐವರು', ಎಂಬ ಚಿತ್ರವನ್ನು ಅಲ್ಪ ವೆಚ್ಚದಲ್ಲಿ ತೆಗೆದನು. ಈತ ರೇಡಿಯೋ ನಾಟಕಗಳಿಂದ ಹೆಸರಾದವನು. ಪರಮಾಣು ಯುದ್ಧದ ತರುವಾಯ ಕ್ಯಾಲಿಫೋರ್ನಿಯದ ಒಂದು ಗುಡ್ಡದ ಮನೆಯಲ್ಲಿ ಐದು ಜನ ಸೇರುತ್ತಾರೆ. ಆ ಮನೆ ಪ್ರಸಿದ್ಧ ಶಿಲ್ಪಿ ಫ್ರಾಂಕ್ ಲಾಯ್ಡ್ ರೈಟನು ಓಬೋಲರನಿಗಾಗಿಯೇ ರೂಪಿಸಿದ್ದು. ಐವರಲ್ಲಿ ರೋಸ್ಯಾನ್ ಎಂಬ ಗರ್ಭಿಣಿಯೊಬ್ಬಳೇ ಹೆಂಗಸು. ಮೈಕೆಲ್ ಎಂಬ ತರುಣ. ಬ್ಯಾಂಕಿನ ಕೆಲಸದಲ್ಲಿದ್ದ ಬಾರ್ನ್‌ಸ್ಟೇಪಲ್ ಎಂಬ ಮುದುಕ. ಅದೇ ಬ್ಯಾಂಕಿನಲ್ಲಿ ಚಾಕರಿ ಮಾಡುತ್ತಿದ್ದ, ಕಪ್ಪುವರ್ಣದ ಚಾರ್ಲ್ಸ್. ಎವರೆಸ್ಟ್ ಶಿಖರವನ್ನು ಹತ್ತುತ್ತಿದ್ದಾಗ ಪ್ರಳಯವಾದ ಕಾರಣ ಬದುಕಿಕೊಂಡ, ಪರದೇಶದ ಉಚ್ಚಾರಣೆಯುಳ್ಳ ಎರಿಕ್. (ಚಿತ್ರ ಬಂದಾಗ ಎವರೆಸ್ಟನ್ನು ಇನ್ನೂ ಯಾರೂ ಹತ್ತಿರಲಿಲ್ಲ, ತೇನ್‌ಸಿಂಗ್ ಮತ್ತು ಹಿಲರಿ ಅಲ್ಲಿ ನಿಂತದ್ದು 1953ರಲ್ಲಿ.)

ಈ ಐವರು ಯಾವ ಸರದಿಯಲ್ಲಿ ಹೋಗುತ್ತಾರೆಂಬುದನ್ನು ನೋಡಬೇಕು. ಮೊದಲು ಹೋಗುವವನು ಮುದುಕ. ಅವನಿಗೆ ಬ್ಯಾಂಕೂ ಹಳೆಯ ಲೋಕವೂ ಹೋದದ್ದು ಕಡೆಯವರೆಗೂ ಮನಸ್ಸಿಗೆ ಹತ್ತುವುದಿಲ್ಲ. ಕಡಲತೀರದಲ್ಲಿ ಸಮಾಧಾನದಿಂದ ಪ್ರಾಣಬಿಡುತ್ತಾನೆ. ಎರಡನೆಯವನು ಚಾರ್ಲ್ಸ್. ಅವನು ಹೊಲ ಉತ್ತು ಎಲ್ಲರಿಗೂ ಅನ್ನ ಹುಟ್ಟಿಸುವ ಕೆಲಸದಲ್ಲಿರುವಾಗ, ಕಪ್ಪುವರ್ಣದವನೊಡನೆ ಇರಲಾರೆನೆಂದ ಎರಿಕ್ ಅವನನ್ನು ಕೊಲ್ಲುತ್ತಾನೆ. ಆಮೇಲೆ ಎರಿಕ್ ವಿಕಿರಣದ ಹುಣ್ಣು ಮೈಯಲ್ಲೆದ್ದು ಹಾಳಾಗುತ್ತಾನೆ, ಕೂಸೂ ಸಾಯುತ್ತದೆ. ಉಳಿಯುವವರು ಮೈಕೆಲನೂ ರೋಸ್ಯಾನಳೂ. ಇಬ್ಬರೂ ತರುಣರು, ಬಿಳಿಯರು, ಅಮೇರಿಕದವರು. ಓಬೋಲರನಿಗೆ ವರ್ಣದ್ವೇಷದ ಮೇಲೆ ನಿಜವಾದ ಸಿಟ್ಟಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಚಾರ್ಲ್ಸನಷ್ಟು ಸೌಮ್ಯನೂ ಶ್ರಮಶೀಲನೂ ಆದ ಕಪ್ಪುವರ್ಣದ ಪಾತ್ರ ಆ ಕಾಲದ ಅಮೇರಿಕದ ಚಿತ್ರಗಳಲ್ಲಿ ದುರ್ಲಭ. ಆದರೂ ದ್ವೇಷದ ಪಾಪವನ್ನು ಪರದೇಶೀಯನ ತಲೆಗೆ ಕಟ್ಟಿ, ಅಮೇರಿಕದ ತರುಣನನ್ನು ಕೈ ತೊಳೆದುಕೊಂಡವನಂತೆ ನಿಲ್ಲಿಸಿದ್ದು ಅಷ್ಟು ಸುಲಭವಾಗಿ ಒಪ್ಪತಕ್ಕದ್ದಲ್ಲ. ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆ ವರ್ಷ ಬಿಳಿಯರಿಗೂ ಕಪ್ಪುವರ್ಣದವರಿಗೂ ಒಂದೇ ಶಾಲೆ ಇರಲಿಲ್ಲ. ಅದನ್ನು ಏರ್ಪಡಿಸಿದವರು ಪರದೇಶದಿಂದ ಬಂದವರೇನೂ ಅಲ್ಲ.

ಎಂಟು ವರ್ಷಗಳ ತರುವಾಯ, 1959ರಲ್ಲಿ, ಈ ಪ್ರಶ್ನೆಯನ್ನೇ ನಡುವಿಗೆ ತಂದ ಚಿತ್ರ 'ದಿ ವರ್ಲ್ಡ್, ದಿ ಫ್ಲೆಶ್ ಅಂಡ್ ದಿ ಡೆವಿಲ್'. ಹಾಡುಗಾರ ಹ್ಯಾರಿ ಬೆಲಫಾಂಟೆ ಇದರ ನಾಯಕ. ಗಣಿಯಲ್ಲಿ ಸಿಕ್ಕಿಬಿದ್ದು ಬದುಕಿಕೊಂಡ ರಾಲ್ಫ್ ಜನಶೂನ್ಯವಾದ ನ್ಯೂಯಾರ್ಕಿಗೆ ಬರುತ್ತಾನೆ. ಸಾರಾ ಎಂಬ ಬಿಳಿಯ ತರುಣಿಯೊಬ್ಬಳು ಅಲ್ಲಿದ್ದಾಳೆ. ಕೋಟಿ ಮನೆಗಳು ಬರಿದಾಗಿ ಬಿದ್ದಿರುವಾಗಲೂ ಅವನು ಅವಳ ಮನೆಯಲ್ಲಿರಲು ಒಪ್ಪದೆ ಬೇರೆ ಮನೆ ಮಾಡಿ, ಇಬ್ಬರ ನಡುವೆ ಟೆಲಿಫೋನಿನ ತಂತಿ ಎಳೆಯುತ್ತಾನೆ! ಇಬ್ಬರೇ ಮನುಷ್ಯರಿರುವ ಲೋಕದಲ್ಲಿಯೂ ನಾಲ್ಕು ಜನ ಏನೆಂದಾರೆಂಬ ಅಂಜಿಕೆ. ಇಡೀ ಚಿತ್ರದಲ್ಲಿ ನನಗೆ ಬಹುವಾಗಿ ಮನಮುಟ್ಟಿದ ಸಂಗತಿ ಇದು. ಅನಂತರ ಬೆನ್ಸನ್ ಎಂಬ ಬಿಳಿಯನೊಬ್ಬ ದೋಣಿಯಲ್ಲಿ ಬರುತ್ತಾನೆ. ಹೆಂಗಸಿಗಾಗಿ ಇಬ್ಬರು ಗಂಡಸರೂ ಬಂದೂಕು ಹಿಡಿದು ಬೀದಿಬೀದಿಗಳಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡುತ್ತಾರೆ. ಸಂಯುಕ್ತ ರಾಷ್ಟ್ರಸಂಸ್ಥೆಯ ಮುಂದೆ ಕೆತ್ತಿರುವ, ಕತ್ತಿಗಳನ್ನು ನೇಗಿಲಾಗಿ ಮಾಡುವ ಮಾತನ್ನು ಓದಿ ರಾಲ್ಫ್ ಬಂದೂಕನ್ನು ಬಿಸಾಡುತ್ತಾನೆ. ಕೊನೆಗೆ ಮೂವರೂ ಕೈ ಹಿಡಿದು ನಡೆಯುತ್ತಾರೆ. ರಾಲ್ಫನೂ ಸಾರಾಳೂ ಒಮ್ಮೆಯಾದರೂ ಚುಂಬಿಸುವುದನ್ನು ಚಿತ್ರ ತೋರಿಸಲಿಲ್ಲ. ಬೆಲಫಾಂಟೆಗೂ ಈ ಚಿತ್ರ ತೃಪ್ತಿ ಕೊಡಲಿಲ್ಲ.

ಅದೇ ವರ್ಷ ಡಿಸೆಂಬರ್ 17ರಂದು, ಮಾಸ್ಕೋ ಸೇರಿದಂತೆ ಅನೇಕ ಪಟ್ಟಣಗಳಲ್ಲಿ ಏಕಕಾಲಕ್ಕೆ, 'ಆನ್ ದಿ ಬೀಚ್' ಪ್ರದರ್ಶಿತವಾಯಿತು. ಉತ್ತರಾರ್ಧಗೋಲ ಸತ್ತಿದೆ, ವಿಷಗಾಳಿ ಮೆಲ್ಲಮೆಲ್ಲನೆ ಮೆಲ್ಬರ್ನಿನ ಕಡೆಗೆ ಬರುತ್ತಿದೆ. ಕಥೆ ಆಸ್ಟ್ರೇಲಿಯದ್ದಾದರೂ ಅದರ ನಾಯಕ ಅಮೇರಿಕದ ಸಬ್‌ಮೆರೀನಿನ ದಳಪತಿ. ಆಸ್ಟ್ರೇಲಿಯದ ಹೆಣ್ಣಾಗಿ ಆವಾ ಗಾರ್ಡ್ನರ್, ಆಸ್ಟ್ರೇಲಿಯದ ನೌಕಾಧಿಕಾರಿಯಾಗಿ ಆಂಥೊನಿ ಪರ್ಕಿನ್ಸ್, ಇಬ್ಬರೂ ಅಮೇರಿಕದವರೇ. ಗಂಡಸರು ಹಡಗೇರಿ ಸತ್ತ ದೇಶಗಳನ್ನು ನೋಡಿಬರುತ್ತಾರೆ. ಹೆಂಗಸರು ದಡದಲ್ಲಿ ಕಾಯುತ್ತಾರೆ. ಮುದುಕರಾದರೋ ಕ್ಲಬ್ಬಿನಲ್ಲಿ ಕುಳಿತು, ನೆಲಮಾಳಿಗೆಯಲ್ಲಿರುವ ಹಳೆಯ ಮದ್ಯವನ್ನು ಕುಡಿದು ಮುಗಿಸಲು ಕಾಲ ಸಾಲದೆಂದು ಕೊರಗುತ್ತಾರೆ. ಮುಪ್ಪಿಗೆ ಈ ಚಿತ್ರಗಳು ಕೊಟ್ಟ ಕೆಲಸ ಬಹುಕಾಲ ಇಷ್ಟೇ: ನಗಿಸುವುದು, ಇಲ್ಲವೆ ಬೇಗನೆ ಸಾಯುವುದು.

ಹೆಂಗಸೊಬ್ಬಳು ಕಥೆ ಹೇಳಲು ನಿಂತಾಗ ಲೆಕ್ಕ ಬದಲಾಯಿತು. 1983ರಲ್ಲಿ ಲಿನ್ ಲಿಟ್‌ಮನ್ ನಿರ್ದೇಶಿಸಿದ 'ಟೆಸ್ಟಮೆಂಟ್' ಚಿತ್ರದಲ್ಲಿ ಉರಿಯುವ ನಗರವಾಗಲಿ ಬಂದೂಕಿನ ಕಾಳಗವಾಗಲಿ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಕೆಲಸಕ್ಕೆ ಹೋದ ಗಂಡ ಹಿಂದಿರುಗುವುದಿಲ್ಲ. ತಾಯಿ ಅಡಿಗೆ ಮಾಡುತ್ತಾಳೆ, ರೋಗಿಗಳಿಗೆ ಉಪಚಾರ ಮಾಡುತ್ತಾಳೆ, ಮಕ್ಕಳ ಹೆಣಕ್ಕೆ ಹಾಸಿಗೆಯ ಬಟ್ಟೆಯನ್ನು ಹೊಲಿಯುತ್ತಾಳೆ. ಊರಿಗೆ ಹೊರಗಿನ ಸುದ್ದಿ ತರುವವನು, ಮನೆಯಲ್ಲಿ ರೇಡಿಯೋ ಯಂತ್ರವಿಟ್ಟುಕೊಂಡ ಒಬ್ಬ ವೃದ್ಧ. ಊರೆಲ್ಲ ಅವನ ಮನೆಯ ಸುತ್ತ ನೆರೆಯುತ್ತದೆ. ಕಡೆಗೆ ಅವಳೂ, ಅವಳ ಒಬ್ಬ ಮಗನೂ, ತಂದೆಯನ್ನು ಕಳೆದುಕೊಂಡ ಬುದ್ಧಿಮಾಂದ್ಯದ ನೆರೆಯ ಹುಡುಗನೊಬ್ಬನೂ ಒಂದೇ ಮನೆಯವರಾಗುತ್ತಾರೆ. ಆ ಹುಡುಗನ ಹೆಸರು ಹಿರೋಷಿ. ಆ ಹೆಸರನ್ನು ಕೇಳಿದಾಗ ಅಮೇರಿಕದ ಪ್ರೇಕ್ಷಕನಿಗೆ ಯಾವ ಊರು ನೆನಪಿಗೆ ಬಂದಿರಬೇಕೆಂಬುದನ್ನು ಹೇಳಬೇಕಾದುದಿಲ್ಲ. ಮಾರನೆಯ ವರ್ಷ ಇಂಗ್ಲೆಂಡಿನ ಬಿ.ಬಿ.ಸಿ. ತೋರಿಸಿದ 'ಥ್ರೆಡ್ಸ್' ಇನ್ನೂ ಕಠೋರವಾದುದು. ಶೆಫೀಲ್ಡ್ ನಗರದ ರೂತ್ ಎಂಬವಳು ಬಾಂಬು ಬೀಳುವಾಗ ಬಸುರಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮುದುಕಿಯಾಗಿ ಸಾಯುತ್ತಾಳೆ. ಆ ಲೋಕದಲ್ಲಿ ಮುಪ್ಪು ಅಕಾಲದಲ್ಲಿ ಬರುತ್ತದೆ, ಎಳೆಯರಿಗೆ ಮಾತು ನೆಟ್ಟಗೆ ಬರುವುದಿಲ್ಲ.

ಪಿ. ಡಿ. ಜೇಮ್ಸ್ ಎಂಬ ಆಂಗ್ಲ ಲೇಖಕಿ 1992ರಲ್ಲಿ ಬರೆದ 'ದಿ ಚಿಲ್ಡ್ರನ್ ಆಫ್ ಮೆನ್' ಕಾದಂಬರಿಯನ್ನು ಮೆಕ್ಸಿಕೋ ದೇಶದ ಆಲ್ಫೊನ್ಸೊ ಕ್ವಾರೋನ್ 2006ರಲ್ಲಿ ಚಿತ್ರವಾಗಿ ಮಾಡಿದನು. ಮನುಷ್ಯರಿಗೆ ಮಕ್ಕಳಾಗುವುದೇ ನಿಂತ ಲೋಕ ಅದು. ಕಾದಂಬರಿಯಲ್ಲಿ ದೋಷ ಗಂಡಸರದು. ಚಿತ್ರದಲ್ಲಿ ಬಂಜೆಯಾದವಳು ಹೆಂಗಸು. ಲೇಖಕಿ ಗಂಡಸಿನ ಮೇಲಿಟ್ಟ ಹೊರೆಯನ್ನು ನಿರ್ದೇಶಕ ಮತ್ತೆ ಹೆಂಗಸಿನ ತಲೆಗೇ ಏಕೆ ಏರಿಸಿದನೋ! ಆದರೆ ಇನ್ನೊಂದು ಕಡೆ ಅವನು ಮಾಡಿದ ಬದಲಾವಣೆ ದೊಡ್ಡದು. ಕಾದಂಬರಿಯ ಗರ್ಭಿಣಿ ಇಂಗ್ಲೆಂಡಿನವಳು; ಚಿತ್ರದಲ್ಲಿ ಅವಳು ಆಫ್ರಿಕದಿಂದ ಬಂದ ಕೀ ಎಂಬ ನಿರಾಶ್ರಿತೆ. ಪರದೇಶೀಯರನ್ನು ಪಂಜರಗಳಲ್ಲಿಟ್ಟು ಕಾಯುವ ರಾಜ್ಯದಲ್ಲಿ ಮನುಕುಲದ ಏಕೈಕ ಶಿಶು ಪರದೇಶೀಯಳ ಬಸಿರಲ್ಲಿ ಬೆಳೆಯುತ್ತದೆ, ಹುಟ್ಟುವುದೂ ಹೆಣ್ಣುಮಗು. ವೃದ್ಧರ ಗತಿಯೇನು? ಕಾದಂಬರಿಯಲ್ಲಿ ಅವರನ್ನು ದೋಣಿಗಳಲ್ಲಿ ಕೂರಿಸಿ ಸಮುದ್ರದಲ್ಲಿ ಮುಳುಗಿಸುವ ವಿಧಿಯೊಂದಿದೆ. ಚಿತ್ರದಲ್ಲಿ ಸರ್ಕಾರವೇ ನೋವಿಲ್ಲದೆ ಸಾಯುವ ಔಷಧಿಯನ್ನು ಮನೆಗೆ ಒದಗಿಸುತ್ತದೆ. ಹುಟ್ಟು ನಿಂತ ನಾಡಿನಲ್ಲಿ ಮುದುಕರ ಪ್ರಾಣ ಇನ್ನೂ ಬೆಲೆಯುಳ್ಳದ್ದಾಗಬೇಕಲ್ಲವೆ? ಆಗಲಿಲ್ಲ.

ಮುಪ್ಪಿಗೆ ನ್ಯಾಯ ದೊರೆತುದು ಯಾರೂ ನಿರೀಕ್ಷಿಸದ ಕಡೆಯಲ್ಲಿ. ಆಸ್ಟ್ರೇಲಿಯದ ಜಾರ್ಜ್ ಮಿಲ್ಲರ್ 1979ರಿಂದ ತೆಗೆದ 'ಮ್ಯಾಡ್ ಮ್ಯಾಕ್ಸ್' ಚಿತ್ರಗಳು ಮೋಟಾರುಗಳ ಗದ್ದಲಕ್ಕೆ ಹೆಸರಾದವು. ಮೊದಲಿನವುಗಳಲ್ಲಿ ಗಂಡಸಿನ ಸೇಡೇ ಪ್ರಧಾನ. 2015ರ 'ಫ್ಯೂರಿ ರೋಡ್' ಚಿತ್ರದಲ್ಲಿ ಮ್ಯಾಕ್ಸ್ ಹೆಸರಿಗಷ್ಟೇ ನಾಯಕ. ಒಂದು ತೋಳಿಲ್ಲದ ಫ್ಯೂರಿಯೋಸಾ ಎಂಬ ಹೆಂಗಸು ದುಷ್ಟ ದೊರೆಯ ಅಂತಃಪುರದ ತರುಣಿಯರನ್ನು ಬಿಡಿಸಿಕೊಂಡು ಮರುಭೂಮಿಯಲ್ಲಿ ಓಡುತ್ತಾಳೆ. ಅಲ್ಲಿ ದೇಶದ ಹೆಸರು ಉಳಿದಿಲ್ಲ. ಆ ನೆಲದ ಆದಿವಾಸಿಗಳು ಏನಾದರೆಂಬುದನ್ನು ಚಿತ್ರ ಹೇಳುವುದೂ ಇಲ್ಲ. ಮರಳಿನ ಆಚೆ ಅವರಿಗೆ ಎದುರಾಗುವವರು ಮೋಟಾರ್ ಸೈಕಲ್ ಏರಿದ ಕೆಲವು ಮುದುಕಿಯರು. ಅವರಲ್ಲೊಬ್ಬಳು ಹಳೆಯ ಲೋಕದ ಬೀಜಗಳನ್ನು ಚೀಲದಲ್ಲಿ ಕಾಪಾಡಿಕೊಂಡಿದ್ದಾಳೆ; ಸಿಕ್ಕಿದ ಕಡೆಯಲ್ಲೆಲ್ಲ ನೆಟ್ಟು ನೋಡಿದ್ದಾಳೆ, ಯಾವುದೂ ಹಿಡಿದಿಲ್ಲ. ಮನುವಿನ ಹಡಗಿನಲ್ಲಿದ್ದ ಬೀಜಗಳೇ ಇವು ಎಂದು ನನಗೆ ಅನ್ನಿಸಿತು. ಹಡಗಿನಲ್ಲಿ ಸ್ಥಳ ಸಿಗದಿದ್ದವಳ ಕೈಯಲ್ಲಿ ಈಗ ಅವು ಇವೆ. ಕೊನೆಯ ಕಾಳಗದಲ್ಲಿ ಮುದುಕಿ ಸಾಯುತ್ತಾಳೆ. ಚೀಲ ಬಸುರಿಯಾದ ಒಬ್ಬ ತರುಣಿಯ ಮಡಿಲಿಗೆ ಬರುತ್ತದೆ. ಬಿತ್ತಿದ್ದನ್ನು ಚಿತ್ರ ತೋರಿಸುವುದಿಲ್ಲ.