ಪದ ಕಟ್ಟಿದವರ ಕೀರ್ತಿಯೂ ಬಾಳುವೆಯೂ

ಅಥಣಿ ತಾಲೂಕಿನ ಐಗಳಿಯೇ ಮೊದಲಾದ ಊರುಗಳು ಕನ್ನಡ ಮರಾಠಿಗಳೆರಡರ ದನಿಯನ್ನೂ ಕೇಳುತ್ತ ಬಂದ ಗಡಿಸೀಮೆಯವು. ಈ ಸೀಮೆಯ ಜನರ ಕಿವಿಗೆ ಗೀಗೀಪದವೂ ಪರಿಚಿತವೇ, ಲಾವಣಿಯೂ ಪರಿಚಿತವೇ. ಡಪ್ಪು ತುಂತುಣಿಗಳ ನಾದದೊಡನೆ ಮುಮ್ಮೇಳದವನು ಪದವನ್ನೆತ್ತಿಕೊಂಡು, ಹಿಮ್ಮೇಳದವರು ಗೀ ಗೀ ಎಂದು ಸೊಲ್ಲು ಕೂಡಿಸಿದರೆಂದರೆ ಕೇಳುವವರಿಗೆ ಬೆಳಗಾದುದೇ ತಿಳಿಯದು. ಜನರು ಹಾಡಿದವನನ್ನು ಕಣ್ಣಾರೆ ಕಂಡು ಮೆಚ್ಚುವರು. ಮೆಚ್ಚಿ ಉಡುಗೊರೆ ಕೊಡುವರು. ಆದರೆ ಆ ಪದವನ್ನು ಕಟ್ಟಿದವನು ಯಾರು, ಅವನು ಹೇಗೆ ಬಾಳಿದನು, ಹಾಡಿಗೆ ಬಂದ ಕೀರ್ತಿಯಲ್ಲಿ ಅವನ ಪಾಲಿಗೆ ದೊರೆತುದೆಷ್ಟು ಎಂದು ವಿಚಾರಿಸುವವರು ವಿರಳ.

ಪದಗಾರನಿಗೆ ಬೇಡಿಕೆಯನ್ನು ತಂದುಕೊಟ್ಟುದು ಹಾಡಿಕೆಯಲ್ಲಿಯ ಪೈಪೋಟಿಯೇ ಆಗಿದೆ. ಹರದೇಶಿಯವರು ಶಿವನೇ ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಶಕ್ತಿಯೇ ಹೆಚ್ಚೆಂದು ಸಾಧಿಸುವರು. ಮರಾಠಿಯಲ್ಲಿಯೂ ತುರಾ ಕಲ್ಗಿ ಎಂಬ ಹೆಸರಿನಿಂದ ಇದೇ ಬಗೆಯ ವಾದ ನಡೆದುಬಂದಿದೆ. ಎದುರು ಮೇಳದವರ ಸವಾಲಿಗೆ ಜವಾಬು ಕೊಡಬೇಕಾದರೆ ಹಳೆಯ ಪದವೊಂದೇ ಸಾಲದು. ಪುರಾಣವನ್ನು ಬಲ್ಲ, ಪ್ರಾಸವನ್ನು ಬಲ್ಲ, ಕೂಡಲೇ ನುಡಿ ಕಟ್ಟಬಲ್ಲ ಕವಿಯ ಬೆಂಬಲ ಬೇಕು. ಹೀಗೆ ಕಟ್ಟಿದ ಪದಕ್ಕೆ ಅಚ್ಚಿನ ಆಸರೆಯಿರಲಿಲ್ಲ, ಹಕ್ಕಿನ ಪತ್ರವಿರಲಿಲ್ಲ. ಕಡೆಯ ನುಡಿಯಲ್ಲಿ ಊರಿನ, ದೈವದ, ಗುರುವಿನ ಇಲ್ಲವೆ ತನ್ನ ಹೆಸರನ್ನು ಸೇರಿಸುವ ಅಂಕಿತವೊಂದೇ ಪದಗಾರನ ಆಸ್ತಿ.

ಆ ಆಸ್ತಿ ಎಷ್ಟು ಚಿಕ್ಕದೆಂಬುದಕ್ಕೆ ಹಲಗಲಿಯ ಲಾವಣಿಯೇ ಸಾಕ್ಷಿ. ಆಂಗ್ಲ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳಲು ಹೊರಟಾಗ, 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಹೋರಾಡಿ ಮಡಿದರು. ಆ ಕಥೆಯನ್ನು ಯಾವನೋ ಪದಗಾರನು ಲಾವಣಿಯಾಗಿ ಹೆಣೆದನು. ಶಾಸನ ಸಂಶೋಧಕನೆಂದು ಹೆಸರಾದ ಜಾನ್ ಫೇಥ್‌ಫುಲ್ ಫ್ಲೀಟನು ಇದನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯೇ ಮೊದಲಾದ ಬೇರೆ ಪದಗಳನ್ನೂ ಸಂಗ್ರಹಿಸಿ, 1885ರಿಂದ ಮುಂದೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟಿಸಿದನು. ಸಂಗ್ರಹಿಸಿದವನ ಹೆಸರು ವಿದ್ವಾಂಸರಿಗೆಲ್ಲ ಗೊತ್ತು. ಕಟ್ಟಿದವನ ಗುರುತಾದರೋ ಪದದಲ್ಲಿ ಬರುವ ಕುರ್ತಕೋಟಿಯ ಕಲ್ಮೇಶನ ಸ್ಮರಣೆಯೊಂದೇ. ಸತ್ತ ವೀರರ ಹೆಸರನ್ನು ಉಳಿಸಿದವನು ತನ್ನದನ್ನು ಉಳಿಸಿಕೊಳ್ಳಲಾರದೆ ಹೋದನು.

ಹೆಸರು ಉಳಿದಲ್ಲಿಯೂ ತೊಡಕು ತಪ್ಪಿದ್ದಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದಷ್ಟು ಜನಪ್ರಿಯವಾದ ಆಟಗಳು ಕೆಲವೇ. ನಾರದನು ತಂದ ಒಂದು ಹೂವು ರುಕ್ಮಿಣಿಗೆ ಸಂದುದರಿಂದ ಸತ್ಯಭಾಮೆಗೆ ಬಂದ ಮುನಿಸು ಆ ಆಟದ ವಸ್ತು. ಅದನ್ನು ಮೊದಲು ರಚಿಸಿದವನು ರಾಯಚೂರು ಕಡೆಯ ಅಪರಾಳ ತಮ್ಮಣ್ಣನು. ಗೋಕಾವಿ ಸೀಮೆಯಲ್ಲಿ ಅದನ್ನು ಬಯಲಾಟಕ್ಕೆ ಒಗ್ಗಿಸಿ ಬೆಳೆಯಿಸಿದವನು ಕುಲಗೋಡ ತಮ್ಮಣ್ಣನು. ಇಬ್ಬರ ಹೆಸರೂ ಒಂದೇ ಆದುದರಿಂದ ಒಬ್ಬನ ಕೀರ್ತಿ ಇನ್ನೊಬ್ಬನಿಗೆ ಹೋಗುವುದು ಸಹಜ. ಬೇರ್ಪಡಿಸಿ ತೋರಿಸುವುದು ಅವರವರ ಊರಿನ ಹೆಸರು ಮಾತ್ರ. ಮುಂದೆ ಅದೇ ಸೀಮೆಯ ಕೌಜಲಗಿ ನಿಂಗಮ್ಮನು ಹೆಣ್ಣುಮಕ್ಕಳು ರಂಗವೇರದ ಕಾಲದಲ್ಲಿ ಈ ಆಟದಲ್ಲಿ ಪಾತ್ರವಹಿಸಿ, ತಮ್ಮಣ್ಣನ ಹಾಡುಗಳಿಗೆ ಹೊಸ ಆಯುಷ್ಯವನ್ನು ಕೊಟ್ಟಳು.

ಹೆಸರೊಂದು ಇದ್ದರೆ ಬಾಳುವೆ ಸುಖವಾಗುವುದೋ ಎಂದರೆ, ಗಡಿಯಾಚೆಯ ಪಠ್ಠೆ ಬಾಪೂರಾಯನ ಚರಿತ್ರೆ ಅದಕ್ಕೆ ಬೇರೆ ಉತ್ತರವನ್ನು ಕೊಡುತ್ತದೆ. ಶ್ರೀಧರ ಕೃಷ್ಣಾಜಿ ಕುಲಕರ್ಣಿ ಎಂಬುದು ಅವನ ನಿಜನಾಮ. 1866ರಲ್ಲಿ ರೇಠರೆ ಹರಣಾಕ್ಷ ಗ್ರಾಮದಲ್ಲಿ ಹುಟ್ಟಿದ ಈತನು ಮನೆತನದ ಕುಲಕರ್ಣಿಕೆಯನ್ನು ತೊರೆದು ತಮಾಶಾ ಮೇಳವನ್ನು ಸೇರಿದನು. ಆಗ ಅಸ್ಪೃಶ್ಯವೆನಿಸಿದ್ದ ಮಹಾರ ಸಮಾಜದ ಪವಳಾ ಎಂಬ ಪ್ರಸಿದ್ಧ ಕಲಾವಿದೆಯೊಡನೆ ಕೂಡಿ ಬಾಳಿ, ಅವಳೊಡನೆಯೇ ರಂಗವನ್ನು ಬೆಳಗಿದನು. ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಹೊತ್ತನು. ಅವನ ಲಾವಣಿಗಳು ಮಹಾರಾಷ್ಟ್ರದಲ್ಲೆಲ್ಲ ಹರಡಿದವು. ಅಷ್ಟು ಯಶಸ್ಸನ್ನು ಕಂಡವನು 1945ರಲ್ಲಿ ಪುಣೆಯಲ್ಲಿ ಬಡತನದಲ್ಲಿಯೇ ಕಣ್ಮುಚ್ಚಿದನು. ಪದ ಸಂಪಾದಿಸಿಕೊಟ್ಟುದನ್ನು ಕಾಲವು ಮರಳಿ ಕಸಿದುಕೊಂಡಿತು.

ಪದಗಾರನ ಸ್ಥಿತಿಯನ್ನು ಬದಲಿಸಿದುದು ಅಚ್ಚಿನ ಮೊಳೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಗೆಳೆಯರ ಬಳಗವಾಗಿ ಕೂಡಿ ಹಳ್ಳಿಯ ಹಾಡುಗಳನ್ನು ಬರೆದಿಟ್ಟುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಬಳಿಕ ಲಾವಣಿಗಳ ಸಂಗ್ರಹವಾದ 'ಜೀವನ ಸಂಗೀತ'ವೂ ಬಂದಿತು. ಆ ಊರಿನವನೇ ಆದ ಲಾವಣಿಕಾರ ಖಾಜಾಭಾಯಿಯ ಹೆಸರು ಓದುಬರಹದವರ ಮನೆಗಳನ್ನೂ ಮುಟ್ಟಿದುದು ಇಂತಹ ಆಸಕ್ತಿಯ ಫಲವೇ.

ಅಚ್ಚಿನ ಕಾಲದಲ್ಲಿ ಬೆಳೆದವರ ಭಾಗ್ಯ ಬೇರೆ. ಗೋಕಾವಿ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಕೃಷ್ಣಶರ್ಮರು ಜನಪದದ ಧಾಟಿಯಲ್ಲಿ ಹಾಡು ಬರೆದು ಆನಂದಕಂದರೆಂದು ಹೆಸರಾದರು. ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಬಯಲಾಟ ಲಾವಣಿಗಳ ಮಟ್ಟನ್ನೇ ಕಾವ್ಯಕ್ಕೂ ನಾಟಕಕ್ಕೂ ತಂದರು. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಇವರ ಧಾಟಿಗೆ ಮೂಲವಾದುದು ಹೆಸರಿಲ್ಲದವರ ಧಾಟಿಯೇ. ಪ್ರತಿಭೆ ಎರಡೂ ಕಡೆಗಿತ್ತು. ಪುಸ್ತಕವೂ ವಿದ್ಯಾಪೀಠವೂ ಒಂದೇ ಕಡೆಗಿದ್ದವು.

ಹಾಡು ಹೆಚ್ಚೋ, ಹಾಡು ಕಟ್ಟಿದವನು ಹೆಚ್ಚೋ ಎಂದು ಹರದೇಶಿ ನಾಗೇಶಿಯವರಂತೆ ವಾದಕ್ಕೆ ನಿಂತರೆ ರಾತ್ರಿ ಸಾಲದು. ಹಾಡು ಗೆದ್ದು ಕಟ್ಟಿದವನು ಸೋತ ನಿದರ್ಶನಗಳೇ ಚರಿತ್ರೆಯಲ್ಲಿ ಹೆಚ್ಚು. ಆದರೂ ಆ ಸೋಲನ್ನು ಕೊಂಚ ಕಡಿಮೆ ಮಾಡುವ ದಾರಿ ಕೇಳುವವರ ಕೈಯಲ್ಲಿಯೂ ಇದೆ. ಬೆಳಗಾಗುವ ಹೊತ್ತಿಗೆ ಕಡೆಯ ನುಡಿ ಬಂದಾಗ ಜನರು ಕಂಬಳಿ ಕೊಡವಿಕೊಂಡು ಏಳುವುದುಂಟು. ಆ ನುಡಿಯಲ್ಲಿಯೇ ಪದ ಕಟ್ಟಿದವನ ಊರೂ ಹೆಸರೂ ಇರುವುದು. ಅದು ಮುಗಿಯುವವರೆಗೆ ಕುಳಿತು ಕೇಳಿ, ಮನೆಗೆ ಬಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ, ಫ್ಲೀಟನ ಸಂಗ್ರಹದಲ್ಲಿಯೂ ದೊರೆಯದ ಒಂದು ಹೆಸರು ಮುಂದಿನವರಿಗೆ ದೊರೆತೀತು.