ಶ್ವಾಸಕೋಶದ ಪೆಪ್ಟೈಡ್ ಕಿಣ್ವಗಳು: ‘ಆರೋಗ್ಯವಂತ ಅಂಗಾಂಶ’ ಎಂಬ ಅಳತೆಗೋಲಿನ ಮರುಪರಿಶೀಲನೆ, ಗೋವೆಯ ನೆಲೆಯಿಂದ

ಬಿ.ಪಿ.ಗೆಂದು ಎನಲಾಪ್ರಿಲ್ ಮಾತ್ರೆ ಶುರುಮಾಡಿದ ಕೆಲವರಿಗೆ ಕೆಲವೇ ವಾರಗಳಲ್ಲಿ ಒಣಕೆಮ್ಮು ಹತ್ತಿಕೊಳ್ಳುತ್ತದೆ. ಕಫವಿಲ್ಲ, ಜ್ವರವಿಲ್ಲ, ಮಾತ್ರೆ ಬಿಟ್ಟರೆ ಕೆಮ್ಮೂ ಬಿಡುತ್ತದೆ. ಎಸಿಇ ಎಂಬ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ಆ ಕಿಣ್ವ ಕತ್ತರಿಸಿ ಹಾಕಬೇಕಿದ್ದ ಬ್ರಾಡಿಕೈನಿನ್, ಸಬ್‌ಸ್ಟನ್ಸ್ ಪಿ ಮುಂತಾದ ಪೆಪ್ಟೈಡ್‌ಗಳು ಶ್ವಾಸನಾಳದಲ್ಲಿ ಉಳಿದು ನರಗಳನ್ನು ಕೆಣಕುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಶ್ವಾಸಕೋಶ ಉಸಿರಾಡುವ ಅಂಗವಷ್ಟೇ ಅಲ್ಲ, ಪೆಪ್ಟೈಡ್‌ಗಳನ್ನು ಕತ್ತರಿಸಿ ತಿದ್ದುವ ಅಂಗವೂ ಹೌದು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಸಿಗದು. ದೇಹದ ರಕ್ತವೆಲ್ಲ ಅದರ ಲೋಮನಾಳಗಳನ್ನು ಹಾದೇ ಮುಂದೆ ಹೋಗಬೇಕು. ಆ ನಾಳಗಳ ಒಳಗೋಡೆಯ ಮೇಲೆ ಕೂತ ಎಸಿಇ, ಹತ್ತು ಅಮೈನೊ ಆಮ್ಲಗಳ ಆಂಜಿಯೊಟೆನ್ಸಿನ್-1ರ ಬಾಲದಿಂದ ಎರಡನ್ನು ತೆಗೆದು ಅದನ್ನು ಪ್ರಬಲವಾದ ಆಂಜಿಯೊಟೆನ್ಸಿನ್-2 ಮಾಡುತ್ತದೆ. ಈ ಮಾರ್ಪಾಟಿನ ಮುಖ್ಯ ಜಾಗ ಶ್ವಾಸಕೋಶವೆಂದು 1960ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರಲ್ಲಿ ಜಾನ್ ವೇನ್ ಪ್ರಮುಖರು.

ಇಂಥ ಕಿಣ್ವಗಳಲ್ಲಿ ಎರಡು ಬಗೆಯವನ್ನು ಬೇರ್ಪಡಿಸಿ ನೋಡಬೇಕು. ಒಂದು ಬಗೆಯವು ಜೀವಕೋಶದ ಒಳಗೆ ಉದ್ದನೆಯ ಪೂರ್ವಪ್ರೋಟೀನನ್ನು ಕತ್ತರಿಸಿ ಸಂದೇಶವಾಹಕ ಪೆಪ್ಟೈಡನ್ನು ಹದಮಾಡುತ್ತವೆ. ಇನ್ನೊಂದು ಬಗೆಯವು ಕೋಶದ ಹೊರಮೈಯಲ್ಲಿ ನಿಂತು, ಕೆಲಸ ಮುಗಿಸಿದ ಪೆಪ್ಟೈಡನ್ನು ತುಂಡರಿಸಿ ಸಂದೇಶವನ್ನು ನಿಲ್ಲಿಸುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಲ್ಲಿ ಈ ಎರಡರ ನಡುವಿನ ಸಮತೋಲ ತಪ್ಪುತ್ತದೆ. ಆದರೆ ಎಷ್ಟು ತಪ್ಪಿದೆ ಎಂದು ಅಳೆಯಲು ನಾವು ಬಳಸುತ್ತಿರುವ ಅಳತೆಗೋಲೇ ಸೊಟ್ಟಗಿದೆ ಎಂಬುದು ಈ ಲೇಖನದ ವಾದ.

ಹದಮಾಡುವ ಬಗೆಗೆ ಒಳ್ಳೆಯ ಉದಾಹರಣೆ ಗ್ಯಾಸ್ಟ್ರಿನ್ ಬಿಡುಗಡೆ ಪೆಪ್ಟೈಡ್, ಅಂದರೆ ಜಿಆರ್‌ಪಿ. ಇದರ ಬಂಧು ಬಾಂಬೆಸಿನ್ ಮೊದಲು ಸಿಕ್ಕಿದ್ದು ಯುರೋಪಿನ ಬಾಂಬಿನಾ ಎಂಬ ಕಪ್ಪೆಯ ಚರ್ಮದಲ್ಲಿ, ವಿಟ್ಟೋರಿಯೊ ಎರ್ಸ್ಪಾಮರ್ ಅವರ ತಂಡಕ್ಕೆ. ಮನುಷ್ಯರ ಶ್ವಾಸನಾಳದಲ್ಲಿ ಅಲ್ಲಲ್ಲಿ ಒಂಟಿಯಾಗಿಯೂ ಗುಂಪಾಗಿಯೂ ಇರುವ ನರ-ಅಂತಃಸ್ರಾವಕ ಕೋಶಗಳು ಜಿಆರ್‌ಪಿಯನ್ನು ತಯಾರಿಸುತ್ತವೆ. ಭ್ರೂಣದ ಶ್ವಾಸಕೋಶ ಬೆಳೆಯುವಾಗ ಇದು ಹೇರಳ, ವಯಸ್ಕರಲ್ಲಿ ಅಪರೂಪ. ಮೊದಲು ಉದ್ದನೆಯ ಪೂರ್ವಪ್ರೋಟೀನು ತಯಾರಾಗುತ್ತದೆ. ಅದನ್ನು ಕನ್ವರ್ಟೇಸ್ ಕಿಣ್ವಗಳು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತವೆ. ಕೊನೆಗೆ ಪಿಎಎಮ್ ಎಂಬ ಕಿಣ್ವ ತಾಮ್ರ, ಆಮ್ಲಜನಕ, ಸಿ ಜೀವಸತ್ವಗಳ ನೆರವಿನಿಂದ ಬಾಲದ ಗ್ಲೈಸಿನನ್ನು ಅಮೈಡ್ ಆಗಿ ಮಾರ್ಪಡಿಸುತ್ತದೆ. 27 ಅಮೈನೊ ಆಮ್ಲಗಳ ಜಿಆರ್‌ಪಿ ಸಿದ್ಧವಾಗುವುದು ಆಮೇಲೆ. ಈ ಕೊನೆಯ ಹದ ಬಾರದಿದ್ದರೆ ಗ್ರಾಹಕ ಅದನ್ನು ಸರಿಯಾಗಿ ಗುರುತಿಸುವುದಿಲ್ಲ.

ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರಿನಲ್ಲಿ ಈ ಕೆಲಸ ಎಗ್ಗಿಲ್ಲದೆ ನಡೆಯುತ್ತದೆ. ಕತ್ತರಿಸಿದ ಮೇಲೆ ಉಳಿಯುವ ತುಣುಕು ಪ್ರೊಜಿಆರ್‌ಪಿ ರಕ್ತಕ್ಕೆ ಸೇರುತ್ತದೆ. ಆ ಕ್ಯಾನ್ಸರಿನ ಗುರುತಾಗಿ ವೈದ್ಯರು ಅದನ್ನೇ ಅಳೆಯುತ್ತಾರೆ. ಗಾಣದ ಹೊರಗೆ ಬಿದ್ದ ಸಿಪ್ಪೆ ನೋಡಿ ಒಳಗೆ ಎಷ್ಟು ಕಬ್ಬು ಅರೆದರೆಂದು ಲೆಕ್ಕ ಹಾಕಿದ ಹಾಗೆ. ಎಲ್ಲ ಶ್ವಾಸಕೋಶ ಗಡ್ಡೆಗಳೂ ಒಂದೇ ಕತ್ತರಿ ಹಿಡಿಯುವುದಿಲ್ಲ. ನರ-ಅಂತಃಸ್ರಾವಕ ಗಡ್ಡೆಗಳಲ್ಲಿ ಪಿಸಿ1, ಪಿಸಿ2 ಕನ್ವರ್ಟೇಸ್‌ಗಳು ಕಾಣುತ್ತವೆ. ಇನ್ನೊಂದು ಕನ್ವರ್ಟೇಸ್ ಆದ ಫ್ಯೂರಿನ್‌ನ ಜೀನಿನ ಅಭಿವ್ಯಕ್ತಿ ಹೆಚ್ಚಿರುವುದು ಸಣ್ಣಕೋಶವಲ್ಲದ ಕ್ಯಾನ್ಸರಿನಲ್ಲಿ ಎಂಬುದು 1987ರಷ್ಟು ಹಿಂದೆಯೇ ವರದಿಯಾಗಿತ್ತು.

ಸಣ್ಣಕೋಶ ಕ್ಯಾನ್ಸರಿನ ಕೋಶಗಳು ಜಿಆರ್‌ಪಿ ಬಗೆಯ ಪೆಪ್ಟೈಡನ್ನು ತಾವೇ ಸುರಿಸಿ, ತಾವೇ ಅದನ್ನು ಹಿಡಿದು ಬೆಳೆಯುತ್ತವೆ ಎಂದು ಫ್ರ್ಯಾಂಕ್ ಕಟಿಟಾ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಆ ಪೆಪ್ಟೈಡನ್ನು ಕಟ್ಟಿಹಾಕುವ ಪ್ರತಿಕಾಯ ಕೊಟ್ಟಾಗ ಬೆಳವಣಿಗೆ ಕುಂಠಿತವಾಯಿತು. ಇದರ ಇನ್ನರ್ಧ ಹೊರಬಂದದ್ದು 1991ರಲ್ಲಿ, ಮಾರ್ಗರೆಟ್ ಶಿಪ್ ಅವರ ಗುಂಪಿನಿಂದ. ಈ ಪೆಪ್ಟೈಡ್‌ಗಳನ್ನು ತುಂಡರಿಸುವ ನೆಪ್ರಿಲೈಸಿನ್ ಎಂಬ ಸತುವುಳ್ಳ ಕಿಣ್ವ ಸಣ್ಣಕೋಶ ಕ್ಯಾನ್ಸರಿನ ಕೋಶಗಳ ಮೇಲೆ ತೀರಾ ಕಡಿಮೆಯಿತ್ತು. ಕಿಣ್ವವನ್ನು ಹೊರಗಿನಿಂದ ಒದಗಿಸಿದಾಗ ಬೆಳವಣಿಗೆ ತಗ್ಗಿತು, ಅದನ್ನು ತಡೆದಾಗ ಹೆಚ್ಚಿತು. ಗಡ್ಡೆ ಬೆಳೆದದ್ದು ಕೂಗು ಜೋರಾದದ್ದರಿಂದ ಮಾತ್ರವಲ್ಲ, ಕೂಗನ್ನು ಅಡಗಿಸುವವರು ಇಲ್ಲವಾದದ್ದರಿಂದಲೂ.

ಇಲ್ಲಿಗೆ ಹೊಗೆಯ ಮಾತು ಬರುತ್ತದೆ. 1989ರ ಪ್ರಯೋಗವೊಂದರಲ್ಲಿ ಗಿನಿಪಿಗ್‌ಗಳಿಗೆ ಸಿಗರೇಟಿನ ಹೊಗೆ ಕುಡಿಸಿದಾಗ ಶ್ವಾಸನಾಳದ ನೆಪ್ರಿಲೈಸಿನ್ ಚಟುವಟಿಕೆ ಕುಸಿಯಿತು. ಉತ್ಕರ್ಷಕಗಳನ್ನು ನಿಷ್ಕ್ರಿಯಗೊಳಿಸುವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ ಕೊಟ್ಟಾಗ ಆ ಹಾನಿ ತಪ್ಪಿತು. ಅಂದರೆ ಹೊಗೆಯ ಉತ್ಕರ್ಷಕಗಳು ಕಿಣ್ವವನ್ನು ಮೊಂಡು ಮಾಡುತ್ತವೆ. ಗಡ್ಡೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಕತ್ತರಿಯ ಅಲಗು ಹೋಗಿರಬಹುದು.

ಗೋವೆ ಮತ್ತು ಕನ್ನಡನಾಡಿನ ಓದುಗರಿಗೆ ಇದು ದೂರದ ಸಂಗತಿಯಲ್ಲ. ಪೋರ್ಚುಗೀಸರ ಕೈಯಿಂದ ಪಶ್ಚಿಮ ಕರಾವಳಿಗೆ ಬಂದಿಳಿದ ಹೊಗೆಸೊಪ್ಪು ಬಿಜಾಪುರಕ್ಕೆ ಹತ್ತಿತು. ಅಲ್ಲಿಗೆ ರಾಯಭಾರಿಯಾಗಿ ಹೋಗಿದ್ದ ಅಸದ್ ಬೇಗ್ ಅದನ್ನು ಅಕ್ಬರನ ಕೊನೆಗಾಲದಲ್ಲಿ ಅವನ ಆಸ್ಥಾನಕ್ಕೆ ಒಯ್ದ. ಇಂದಿಗೂ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಹೆಸರು ಬೀಡಿ ತಂಬಾಕಿನೊಡನೆ ತಳುಕು ಹಾಕಿಕೊಂಡಿದೆ. ಗೋವೆ 1997ರಲ್ಲೇ ಧೂಮಪಾನ ಮತ್ತು ಉಗುಳುವುದರ ವಿರುದ್ಧ ತನ್ನದೇ ಕಾಯ್ದೆ ಮಾಡಿತು. ಅದರ ಹಿಂದಿನ ಚಳವಳಿಯ ಮುಂದಾಳು ಶಸ್ತ್ರವೈದ್ಯ ಶರದ್ ವೈದ್ಯ. ಬೀಡಿ ಸೇದದ ಹೆಂಗಸರೂ ಸೌದೆ ಒಲೆಯ ಮುಂದೆ ಹೊಗೆ ಕುಡಿದವರೇ. ಸೌದೆ ಮುಂತಾದ ಜೈವಿಕ ಇಂಧನದ ಮನೆಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್‌ಕಾರಕ ಆಗಿರುವ ಸಂಭವ ಹೆಚ್ಚು’ ಎಂಬ ವರ್ಗದಲ್ಲಿ ಇಟ್ಟಿದೆ.

ಈಗ ಅಳತೆಗೋಲಿನ ಪ್ರಶ್ನೆ. ಗಡ್ಡೆಯ ಅಂಗಾಂಶವನ್ನು ‘ಆರೋಗ್ಯವಂತ’ ಅಂಗಾಂಶದೊಡನೆ ಹೋಲಿಸಿದೆವು ಎಂದು ಪ್ರಬಂಧಗಳು ಬರೆಯುತ್ತವೆ. ಆ ಅಂಗಾಂಶ ಬಹುಪಾಲು ಅದೇ ರೋಗಿಯ ಶ್ವಾಸಕೋಶದ್ದು, ಗಡ್ಡೆಯಿಂದ ಕೆಲವು ಸೆಂಟಿಮೀಟರ್ ಆಚೆಯದು. ಮೂವತ್ತು ವರ್ಷ ಬೀಡಿ ಸೇದಿದವನ ಎದೆಯಲ್ಲಿ ಗಡ್ಡೆ ಇರದ ಭಾಗಕ್ಕೂ ಅಷ್ಟೇ ಹೊಗೆ ತಾಗಿರುತ್ತದೆ. ಗಡ್ಡೆಯಲ್ಲದ ಶ್ವಾಸಕೋಶದಲ್ಲೂ ನೆಪ್ರಿಲೈಸಿನ್ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಏರುಪೇರಾಗುತ್ತದೆ ಎಂದು 1996ರ ಅಧ್ಯಯನವೊಂದು ಹೇಳಿತ್ತು. ಆ ಏರುಪೇರನ್ನು ಬದಿಗಿಟ್ಟು ಸರಾಸರಿ ತೆಗೆಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಏರುಪೇರೇ ಇಲ್ಲಿ ಸುದ್ದಿ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ನೆಪ್ರಿಲೈಸಿನ್ ಮತ್ತು ಸಿಡಿ10 ಒಂದೇ ಪ್ರೋಟೀನು. ಸಿಡಿ10ರ ಪ್ರತಿಕಾಯ ರೋಗನಿದಾನ ಪ್ರಯೋಗಾಲಯಗಳಲ್ಲಿ ಲಿಂಫೋಮಾ ಗುರುತಿಸಲು ದಿನನಿತ್ಯ ಬಳಕೆಯಲ್ಲಿದೆ. ಮೇಣದ ಬ್ಲಾಕಿನಿಂದ ಕೆಲವೇ ಮೈಕ್ರಾನ್ ದಪ್ಪದ ಪದರ ಕೊಯ್ದು, ಗಾಜಿನ ಮೇಲೆ ಅಂಟಿಸಿ, ಆ ಪ್ರತಿಕಾಯ ಹಾಕಿದರೆ ಕಿಣ್ವ ಇರುವಲ್ಲಿ ಕಂದುಬಣ್ಣ ಏಳುತ್ತದೆ. ಆ ಕಂದು ಹೇಳುವುದು ಪ್ರೋಟೀನು ಇದೆ ಎಂದಷ್ಟೇ. ಅದು ಕತ್ತರಿಸುತ್ತಿದೆಯೇ ಎಂಬುದನ್ನಲ್ಲ. ಹೊಗೆಯಿಂದ ಮೊಂಡಾದ ಕಿಣ್ವಕ್ಕೂ ಬಣ್ಣ ಹತ್ತುತ್ತದೆ. ಬಣ್ಣ ಎಲ್ಲಿ ಎದ್ದಿದೆ ಎಂಬುದೂ ಮುಖ್ಯ. ಗಡ್ಡೆಯ ಕೋಶಗಳ ಮೇಲೋ, ಸುತ್ತಲಿನ ಆಧಾರ ಅಂಗಾಂಶದ ಮೇಲೋ ಎಂದು ಬಿಡಿಸಿ ಹೇಳದ ವರದಿ ಅರ್ಧ ವರದಿ.

ಚಟುವಟಿಕೆ ಅಳೆಯಬೇಕಾದರೆ ಫಾರ್ಮಲಿನ್ ಮುಟ್ಟದ ಅಂಗಾಂಶ ಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ತುಂಡನ್ನು ತಡಮಾಡದೆ ದ್ರವ ಸಾರಜನಕದಲ್ಲಿ ಅದ್ದಿ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಮುಂದೆ ಕೃತಕ ಪೆಪ್ಟೈಡೊಂದನ್ನು ಬೆರೆಸಿ ಅದು ತುಂಡಾಗುವ ವೇಗವನ್ನು ನೋಡಬೇಕು. ನೆಪ್ರಿಲೈಸಿನನ್ನು ತಡೆಯುವ ಫಾಸ್ಫೊರಮಿಡಾನ್ ಹಾಕಿದಾಗ ಆ ವೇಗ ಎಷ್ಟು ಇಳಿಯುತ್ತದೋ ಅದೇ, ಹೆಚ್ಚುಕಡಿಮೆ, ನೆಪ್ರಿಲೈಸಿನ್‌ನ ಪಾಲು. ಸಣ್ಣಕೋಶ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಅಪರೂಪವಾದ್ದರಿಂದ ಅದರ ತಿಳಿವಳಿಕೆ ಬಹುಪಾಲು ಸಾಕಿದ ಕೋಶಗಳಿಂದ ಬಂದದ್ದು ಎಂಬುದನ್ನೂ ಮರೆಯುವಂತಿಲ್ಲ. ಬ್ರಾಂಕೋಸ್ಕೋಪಿಯಲ್ಲಿ ಸಿಗುವ ಎಳ್ಳುಕಾಳಿನಷ್ಟು ತುಣುಕೂ ಇಲ್ಲಿ ಅಮೂಲ್ಯ.

1842ರಲ್ಲಿ ಪಣಜಿಯಲ್ಲಿ ಆರಂಭವಾದ ವೈದ್ಯಶಾಲೆಯ ವಾರಸುದಾರನೇ ಇಂದು ಬಾಂಬೋಳಿಯಲ್ಲಿರುವ ಗೋವಾ ಮೆಡಿಕಲ್ ಕಾಲೇಜು. ಅಲ್ಲಿಗೆ ಗೋವೆಯವರಷ್ಟೇ ಅಲ್ಲ, ಕಾರವಾರ, ಅಂಕೋಲಾ, ಜೋಯಿಡಾ ಕಡೆಯವರೂ, ವಾಸ್ಕೊ ಮತ್ತು ಜುವಾರಿನಗರದಲ್ಲಿ ದುಡಿಯುವ ಕನ್ನಡಿಗರೂ ಚಿಕಿತ್ಸೆಗೆ ಹೋಗುತ್ತಾರೆ. ಬೀಡಿ, ಸಿಗರೇಟು, ಸೌದೆ ಒಲೆ, ಗಣಿಯ ಧೂಳು, ಇವು ಯಾವುವೂ ತಾಗದ ಎದೆ: ಈ ಎಲ್ಲ ಬಗೆಯ ಶ್ವಾಸಕೋಶಗಳು ಒಂದೇ ಸೂರಿನಡಿ ಸೇರುವ ಜಾಗ ಇದು. ಈ ಕರಾವಳಿಯ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಶಸ್ತ್ರಚಿಕಿತ್ಸೆ ಮಾಡುವವರಲ್ಲಿ ಒಂದು ವಿನಂತಿ. ರೋಗಿಯ ಒಪ್ಪಿಗೆ ಪಡೆದು, ಗಡ್ಡೆಯ ಒಂದು ತುಣುಕನ್ನೂ ಅದರಾಚೆಯ ಅಂಗಾಂಶದ ಒಂದು ತುಣುಕನ್ನೂ ಶೈತ್ಯದಲ್ಲಿ ಇಡಿ. ಅದರ ಜೊತೆಗೆ ಆತ ಏನು ಸೇದಿದ, ಎಷ್ಟು ವರ್ಷ ಸೇದಿದ, ಮನೆಯಲ್ಲಿ ಯಾವ ಒಲೆ ಇತ್ತು, ಎಲ್ಲಿ ದುಡಿದ ಎಂಬುದನ್ನು ಅವನದೇ ಭಾಷೆಯಲ್ಲಿ ಕೇಳಿ ಬರೆದಿಡಿ.